ವಿಜೃಂಭಣೆಯಿಂದ ನೆರವೇರದ ಮೂವತ್ತೊಂದು ವರ್ಷಗಳು

ಶಾಲೆಗೆ ರಜೆಯ ಬೀಗ ಬೀಳಲು ಎರಡೇ ದಿನ ಉಳಿದಿದ್ದ ಒಂದು ಮಧ್ಯಾಹ್ನ, ಗ್ರಂಥಾಲಯದ ಕಿಟಕಿಯ ಬಳಿಯ ಮೇಜಿನ ಮೇಲೆ ದಿನಚರಿಯನ್ನು ಬಿಡಿಸಿಟ್ಟುಕೊಂಡು ಅಲ್ಲಿನ ಸಹಾಯಕಿ ಹೀಗೆ ಬರೆದುಕೊಂಡಳು: “ಇನ್ನೂ ಆಡದ ಮಾತನ್ನು ಆಡಿದ್ದೇನೆ ಎಂದು ಅಚ್ಚು ಹಾಕಿಸಿಬಿಟ್ಟಿದ್ದೇನೆ. ನಾಡಿದ್ದು ನನ್ನ ಬಾಯಿ ಬಿದ್ದುಹೋದರೆ ಅದು ಸುಳ್ಳಾಗುತ್ತದೆ. ಬೇರೆ ಯಾರ ಹಾಳೆಯಲ್ಲಾದರೂ ಹೋಗಲಿ ಎನ್ನಬಹುದಿತ್ತು. ಇದು ಟೀಚರ ಹಾಳೆ.” ಇಷ್ಟು ಬರೆದು, ಯಾರೋ ಓದಿಬಿಡುತ್ತಾರೇನೋ ಎಂಬಂತೆ ದಿನಚರಿಯನ್ನು ಮುಚ್ಚಿ, ಅದರ ಮೇಲೆ ಒಂದು ದಪ್ಪ ನಿಘಂಟನ್ನು ಹೇರಿದಳು.

ಅಚ್ಚಿನಲ್ಲಿ ಬಂದ ಒಂದೇ ಒಂದು ಸಾಲಿಗೆ ಇಷ್ಟೇಕೆ ಜೀವ ಹಿಡಿ ಮಾಡಿಕೊಳ್ಳಬೇಕು ಎಂದು ಹೊರಗಿನವರು ಕೇಳಿಯಾರು. ಅದು ತಿಳಿಯಬೇಕಾದರೆ ಆ ಹಾಳೆ ಯಾವುದು, ಆ ಟೀಚರು ಯಾರು ಎಂಬುದನ್ನು ಮೊದಲು ಹೇಳಬೇಕಾಗುತ್ತದೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಈ ಅಭಿನಂದನ ಗ್ರಂಥವನ್ನು ಹೊರತರುತ್ತಿರುವುದೂ ಅದನ್ನು ಹೇಳುವುದಕ್ಕೇ.

ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನು ಚೆನ್ನಾಗಿ ಕಲಿಸಿದವರು ಅನೇಕರಿದ್ದಾರೆ. ತಮ್ಮ ವಿದ್ಯಾರ್ಥಿಗಳಲ್ಲಿ ವೈದ್ಯರನ್ನೂ ಇಂಜಿನಿಯರುಗಳನ್ನೂ ಎಣಿಸಿ ಹೇಳಬಲ್ಲವರೂ ಇದ್ದಾರೆ. ಆದರೆ ವರ್ಷಾಂತ್ಯದ ವರದಿ ಎಂಬ, ಓದುವವರು ನಿದ್ದೆಗಣ್ಣಿನಲ್ಲಿ ಓದಿ, ಕೇಳುವವರು ಮುಗಿದ ಸಂತೋಷಕ್ಕೆ ಚಪ್ಪಾಳೆ ತಟ್ಟುವ ಒಂದು ಬರಹವನ್ನು, ಜನ ಮನೆಗೆ ಒಯ್ದು ಕಪಾಟಿನಲ್ಲಿಟ್ಟುಕೊಳ್ಳುವ ಬರಹವನ್ನಾಗಿ ಮಾಡಿದ ಶಿಕ್ಷಕರು, ನಮಗೆ ತಿಳಿದಂತೆ, ಇವರೊಬ್ಬರೇ. ಎಂಟು ಪುಟಗಳ ಆ ‘ವರ್ಷಾಂತ್ಯದ ಸುದ್ದಿಹಾಳೆ’ಯನ್ನು ಅವರು ಮೂವತ್ತೆರಡು ವರ್ಷ ಬಿಡದೆ ಹೊರತಂದರು. ಯಾವ ಸುದ್ದಿ ತಂದುಕೊಟ್ಟರೂ ಅವರು ಮೊದಲು ಕೇಳುತ್ತಿದ್ದುದು “ಎಷ್ಟು?” ಎಂದು, ಆಮೇಲೆ “ಯಾರು ನೋಡಿದ್ರು?” ಎಂದು. ಹೀಗಾಗಿ ಬೆನ್ನ ಹಿಂದೆ ಮಕ್ಕಳು ಅವರಿಗಿಟ್ಟ ಹೆಸರು ‘ಎಷ್ಟಮ್ಮ’. ಅದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಂತೆ ಇದ್ದರು.

ಅವರು ಈ ಶಾಲೆಗೆ ಬಂದ ವರ್ಷ ಪ್ರಯೋಗಾಲಯಕ್ಕೆ ನಲ್ಲಿಯಿರಲಿಲ್ಲ. ಶಾಲೆಗೆ ಹೊಸಬರು ಎಂಬ ಒಂದೇ ಅರ್ಹತೆಯ ಮೇಲೆ ವರದಿಯ ಕೆಲಸವನ್ನು ಅವರ ತಲೆಗೆ ಕಟ್ಟಲಾಯಿತು. ಅಂದಿನ ಮುಖ್ಯೋಪಾಧ್ಯಾಯರು ಹಿಂದಿನ ವರ್ಷದ ವರದಿಯನ್ನು ಕೈಗಿಟ್ಟು, “ಏನಿಲ್ಲ ತಾಯಿ, ಇಸವಿ ಬದಲಾಯಿಸಿದ್ರೆ ಆಯ್ತು” ಎಂದರಂತೆ. ಟೀಚರು ಕಪಾಟು ತೆಗೆದು ಅದಕ್ಕೂ ಹಿಂದಿನವನ್ನು ನೋಡಿದರು. ಹನ್ನೊಂದು ವರ್ಷಗಳ ವರದಿಗಳೂ ಅಕ್ಷರ ಬಿಡದೆ ಒಂದೇ ಆಗಿದ್ದವು. ಎಲ್ಲ ವರ್ಷವೂ ಕ್ರೀಡಾದಿನ ಅತ್ಯಂತ ವಿಜೃಂಭಣೆಯಿಂದ ನೆರವೇರಿತ್ತು. ಎಲ್ಲ ವರ್ಷವೂ ಒಬ್ಬರೇ ಗಣ್ಯರು ಆಗಮಿಸಿ ಸಮಾರಂಭಕ್ಕೆ ಕಳೆ ತಂದಿದ್ದರು. ಕೊನೆಯ ಎರಡು ವರ್ಷ ಅವರು ಕಳೆ ತಂದದ್ದು ತೀರಿಕೊಂಡ ನಂತರ.

ಅಂದಿನಿಂದ ‘ವಿಜೃಂಭಣೆ’ ಎಂಬ ಪದಕ್ಕೆ ಟೀಚರ ಮೇಜಿನ ಮೇಲೆ ಜಾಗವಿಲ್ಲದಂತಾಯಿತು. ಅವರ ಮೊದಲ ಸುದ್ದಿಹಾಳೆಯಲ್ಲಿ ಕ್ರೀಡಾದಿನದ ಸುದ್ದಿ ಹೀಗಿದೆ: “ಎರಡನೆಯ ಓಟದ ನಡುವೆ ಮಳೆ ಬಂದಿತು. ಓಡುತ್ತಿದ್ದವರಲ್ಲಿ ನಾಲ್ವರು ಗುರಿಯ ಕಡೆಗೂ ಮೂವರು ಸೂರಿನ ಕಡೆಗೂ ಓಡಿದರು. ಬಹುಮಾನವನ್ನು ಯಾರಿಗೂ ಕೊಡಲಿಲ್ಲ.” ಆಡಳಿತ ಮಂಡಳಿಯವರು ಮುಖ ಗಂಟಿಕ್ಕಿದರು. ಊರು ನಕ್ಕಿತು. ನಕ್ಕವರು ಹಾಳೆಯನ್ನು ಮಾತ್ರ ಎಸೆಯಲಿಲ್ಲ. ಸೂರಿನ ಕಡೆಗೆ ಓಡಿದ ಮೂವರ ಮನೆಗಳಲ್ಲಂತೂ ಅದು ಬಹಳ ಕಾಲ ಗೋಡೆಯ ಮೇಲಿತ್ತಂತೆ.

ಹೆಚ್ಚು ಅಂಕ ಬಂದವರ ಭಾವಚಿತ್ರ ಬೇರೆ ಶಾಲೆಗಳ ವರದಿಗಳಲ್ಲಿ ಬರುತ್ತದೆ, ಬರಲಿ. ಟೀಚರ ಕಟ್ಟುಪಾಡೇ ಬೇರೆಯಾಗಿತ್ತು. ಆ ವರ್ಷ ಶಾಲೆ ಬಿಟ್ಟುಹೋಗುವ ಪ್ರತಿಯೊಂದು ಮಗುವಿನ ಕೈ ತಾಗಿದ ಒಂದಾದರೂ ಸುದ್ದಿ ಹಾಳೆಯಲ್ಲಿರಬೇಕು, ಮತ್ತು ಅದು ನಡೆದದ್ದಾಗಿರಬೇಕು. ಪರೀಕ್ಷೆಗೆ ಆರು ವಾರ ಮುಂಚೆ, ಉಳಿದ ಶಿಕ್ಷಕರು ಅಂಕಪಟ್ಟಿಗಳಲ್ಲಿ ಮುಳುಗೇಳುತ್ತಿದ್ದ ಹೊತ್ತಿನಲ್ಲಿ, ಅವರು ತಮ್ಮ ಅಂಕಪಟ್ಟಿಗಳ ಜೊತೆಗೆ ಉದ್ದನೆಯ ಒಂದು ನೋಟುಪುಸ್ತಕವನ್ನೂ ಹಿಡಿದು ಕೊಠಡಿಯಿಂದ ಕೊಠಡಿಗೆ ಅಲೆಯುತ್ತಿದ್ದರು. “ಹತ್ತನೆಯ ತರಗತಿಯ ಕಿಟಕಿಯ ಚಿಲಕವನ್ನು ಹಿಂದಿನ ಬೆಂಚಿನ ಇಬ್ಬರು ಸರಿಪಡಿಸಿದರು. ಅದು ಮತ್ತೆ ಕೆಟ್ಟಿದೆ” ಎಂಬಂಥ ಸಾಲುಗಳು ಹುಟ್ಟಿದ್ದು ಆ ಅಲೆದಾಟದಲ್ಲಿ. ಆ ಇಬ್ಬರಲ್ಲೊಬ್ಬರು ಇಂದು ಬಡಗಿ. ಈ ಗ್ರಂಥದ ಸಮಿತಿಯಲ್ಲಿದ್ದಾರೆ. ಆ ಚಿಲಕ ಕೆಟ್ಟದ್ದು ತಮ್ಮ ತಪ್ಪಲ್ಲ ಎಂದು ಇವತ್ತಿಗೂ ವಾದಿಸುತ್ತಾರೆ.

ಒಂದು ವರ್ಷ ಸಮೂಹಗಾನದಲ್ಲಿ ಹಾಡಿದವರು ಹದಿನೇಳು ಮಂದಿ ಎಂದು ಅಚ್ಚಾಯಿತು. ಹಾಡಿದವರು ಹದಿನೆಂಟು. ಕೊನೆಯ ಸಾಲಿನ ತುದಿಯಲ್ಲಿ, ಪರದೆಯ ಮಡಿಕೆಯ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಎಣಿಕೆಗೆ ಸಿಕ್ಕಿರಲಿಲ್ಲ. ಟೀಚರು ಆ ದಿನ ಸಂಜೆಯವರೆಗೆ ಕೂತು ನಾನೂರ ಹನ್ನೆರಡು ಪ್ರತಿಗಳಲ್ಲೂ ‘ಹದಿನೇಳು’ ಹೊಡೆದು ‘ಹದಿನೆಂಟು’ ಎಂದು ಕೈಯಲ್ಲಿ ತಿದ್ದಿದರು. ಕಚೇರಿಯ ಗುಮಾಸ್ತರು ಕನಿಕರಪಟ್ಟು, “ಬಿಟ್ಟುಹೋಗಿರೋದು ಒಬ್ಬಳೇ ಅಲ್ವಾ ಮೇಡಂ? ಯಾರಿಗೆ ಗೊತ್ತಾಗುತ್ತೆ?” ಎಂದಾಗ ಅವರು ತಲೆಯೆತ್ತದೆ ಹೇಳಿದ್ದು ಇಷ್ಟು: “ಅವಳೂ ಒಂದು ಪ್ರತಿ ತಗೊಂಡು ಹೋಗ್ತಾಳಲ್ರೀ.”

ಅವರ ಕಠಿಣ ಸತ್ಯ ಇತರರಿಗೆ ಮಾತ್ರ ಮೀಸಲಾಗಿರಲಿಲ್ಲ. ಶಾಲೆಯ ಫಲಿತಾಂಶ ಶೇಕಡಾ ನಲವತ್ತೊಂದಕ್ಕೆ ಕುಸಿದ ವರ್ಷ, ಅದನ್ನು ಹಾಳೆಯಲ್ಲಿ ಹಾಕುವುದು ಬೇಡವೆಂದು ಎಲ್ಲರೂ ಹೇಳಿದರು. ಟೀಚರು ಮೊದಲ ಪುಟದಲ್ಲೇ ಹಾಕಿದರು, ಕೆಳಗೆ, “ವಿಜ್ಞಾನದಲ್ಲಿ ಹೆಚ್ಚು ಮಂದಿ ಅನುತ್ತೀರ್ಣರಾಗಿದ್ದಾರೆ. ಎರಡು ಪಾಠಗಳನ್ನು ಅವಸರದಲ್ಲಿ ಮುಗಿಸಲಾಗಿತ್ತು” ಎಂದು ತಮ್ಮ ವಿರುದ್ಧವೇ ಸಾಕ್ಷಿ ಬರೆದರು. ಆ ರಜೆಯಿಡೀ ಬೆಳಗ್ಗೆ ಎಂಟಕ್ಕೆ ಬಂದು ಪ್ರಯೋಗಾಲಯದ ಬಾಗಿಲು ತೆಗೆದು, ಫೇಲಾದವರನ್ನು ಕೂರಿಸಿಕೊಂಡು ಆ ಎರಡು ಪಾಠಗಳನ್ನು ಮತ್ತೆ ಮಾಡಿದರು. ಹಾಗೆ ಮಾಡಿದ್ದು ಮುಂದಿನ ವರ್ಷದ ಹಾಳೆಯಲ್ಲಿಲ್ಲ. ತಮ್ಮ ಒಳ್ಳೆಯ ಕೆಲಸದ ಮಟ್ಟಿಗೆ ಮಾತ್ರ ಅವರಿಗೆ “ಎಷ್ಟು?” ಎಂದು ಕೇಳಿಕೊಳ್ಳಲು ನೆನಪಾಗುತ್ತಿರಲಿಲ್ಲ.

ಗ್ರಂಥಾಲಯದ ಸಹಾಯಕಿ ಅವರ ಇಪ್ಪತ್ತೆರಡನೆಯ ಹಾಳೆಯ ಕಾಲದವಳು. ಮನೆಗೆ ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತುಬಿಡುವ, ಹಾಜರಿ ಕೂಗಿದರೆ ಕೈಯೆತ್ತುವುದಕ್ಕೂ ಹಿಂಜರಿಯುವ ಹುಡುಗಿ. ಅವಳ ಅಕ್ಕ ಅವಳನ್ನು ಕರೆಯುತ್ತಿದ್ದುದೇ ‘ಮೌನಗೌರಿ’ ಎಂದು. ಪ್ರಯೋಗದ ಪುಸ್ತಕದಲ್ಲಿ ಒಮ್ಮೆ ಅವಳು, ಅಕ್ಕಪಕ್ಕದವರು ಬರೆದದ್ದನ್ನು ನೋಡಿಕೊಂಡು, “ದ್ರಾವಣವು ನೀಲಿ ಬಣ್ಣಕ್ಕೆ ತಿರುಗಿತು” ಎಂದು ಬರೆದಿದ್ದಳು. ಟೀಚರು ಪುಸ್ತಕವನ್ನು ಅವಳ ಮುಂದೆ ಹಿಡಿದು ಮೆಲ್ಲಗೆ, “ಯಾವ ನೀಲಿನೇ? ತಿಳಿಯೋ, ಗಾಢವೋ?” ಎಂದರು. ಆ ದಿನ ಯಾರ ನಳಿಕೆಯಲ್ಲೂ ಬಣ್ಣ ತಿರುಗಿರಲಿಲ್ಲ, ದ್ರಾವಣ ಹಳೆಯದಾಗಿತ್ತು. ಬೈಗುಳ ಬರಲಿಲ್ಲ. “ಹೊಡೆದುಹಾಕು, ಕಂಡಿದ್ದು ಬರಿ. ಏನೂ ಕಾಣಲಿಲ್ಲ ಅಂದ್ರೆ ಏನೂ ಕಾಣಲಿಲ್ಲ ಅಂತಲೇ ಬರಿ” ಎಂದು ಮುಂದಿನ ಬೆಂಚಿಗೆ ಹೋದರು.

ಶಾಲೆ ಬಿಡುವ ದಿನ ಹತ್ತನೆಯ ತರಗತಿಯ ಪ್ರತಿಯೊಬ್ಬರೂ ವೇದಿಕೆಗೆ ಬಂದು ಒಂದೊಂದು ಮಾತು ಹೇಳಬೇಕೆಂದು ಗೊತ್ತಾಯಿತು. ಮೌನಗೌರಿ ಹೊಟ್ಟೆನೋವೆಂದು ಹೇಳಿ ಪ್ರಯೋಗಾಲಯಕ್ಕೆ ಓಡಿಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆಯ ಮೇಲೆ ಟೀಚರು ಬಂದರು. ಯಾಕೆ ಬಂದೆ ಎನ್ನಲಿಲ್ಲ, ನಡಿ ಎನ್ನಲಿಲ್ಲ, ಒಂದು ಡಬ್ಬಿ ಅಂಟು, ಕತ್ತರಿಸಿದ ಕಾಗದದ ಚೂರುಗಳು, ಒಂದು ಪೆನ್ನು ತಂದಿಟ್ಟು, “ಈ ಬಾಟ್ಲಿಗಳ ಹೆಸರೆಲ್ಲ ಅಳಿಸಿಹೋಗಿದೆ ಕಣೇ. ನಿನ್ನ ಅಕ್ಷರ ದುಂಡಗಿದೆ, ಬರೆದು ಅಂಟಿಸು” ಎಂದರು. ಸಭಾಂಗಣದ ಚಪ್ಪಾಳೆ ಗೋಡೆಯಾಚೆ ಕೇಳಿಸುತ್ತಿತ್ತು. ಸಮಾರಂಭ ಮುಗಿಯುವಷ್ಟರಲ್ಲಿ ಬಾಟಲಿಗಳೂ ಮುಗಿದವು. ಆ ವರ್ಷದ ಹಾಳೆ ಆಗಲೇ ಅಚ್ಚಾಗಿದ್ದರಿಂದ ಟೀಚರು ಅವಳ ಪ್ರತಿಯ ಕೊನೆಯ ಪುಟದಲ್ಲಿ ತಾವೇ ಕೈಯಲ್ಲಿ ಬರೆದರು: “ಪ್ರಯೋಗಾಲಯದ ಎಂಬತ್ತಾರು ಬಾಟಲಿಗಳಿಗೆ ಹೊಸ ಹೆಸರುಚೀಟಿ ಅಂಟಿಸಲಾಯಿತು. ಎಲ್ಲವೂ ಓದುವಂತಿವೆ.”

ಕೈಯಲ್ಲಿ ಬರೆಯಲು ಆ ಪುಟದಲ್ಲಿ ಜಾಗವಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಹಾಳೆಯನ್ನು ಹಂಚುತ್ತಿದ್ದುದು ಸಮಾರೋಪದ ದಿನವೇ. ಆದುದರಿಂದ ಸಮಾರೋಪದ ಸುದ್ದಿಯನ್ನು ಅದು ನಡೆಯುವ ಮೊದಲೇ, ನಡೆದುಹೋದಂತೆ ಬರೆಯಬೇಕಾಗುತ್ತದೆ. ಎಲ್ಲ ಶಾಲೆಗಳಲ್ಲೂ ಹಾಗೇ ಮಾಡುತ್ತಾರೆ. ಟೀಚರು ಮಾಡಲಿಲ್ಲ. ಕೊನೆಯ ಪುಟದ ಅಡಿಯಲ್ಲಿ “ಸಮಾರೋಪ ಇನ್ನೂ ನಡೆದಿಲ್ಲ. ನೋಡಿದವರು ಬರೆದುಕೊಳ್ಳಿ” ಎಂದು ಹಾಕಿ, ಕೆಳಗೆ ನಾಲ್ಕು ಗೆರೆಗಳನ್ನು ಖಾಲಿ ಬಿಡುತ್ತಿದ್ದರು. ಮನೆ ಮನೆಗಳಲ್ಲಿ ಜನ ಅದನ್ನು ತುಂಬಿದರು. ಒಬ್ಬರ ಮನೆಯ ಪ್ರತಿಯಲ್ಲಿ “ಕುರ್ಚಿ ಸಾಲಲಿಲ್ಲ, ಅಪ್ಪ ನಿಂತೇ ನೋಡಿದರು” ಎಂದಿದೆ, ಇನ್ನೊಬ್ಬರದರಲ್ಲಿ “ಅಜ್ಜಿ ನಿದ್ದೆ ಹೋದರು, ನನ್ನ ಹೆಸರು ಕೂಗಿದಾಗ ಎಬ್ಬಿಸಿದೆವು.”

ಕಾಲ ಎಲ್ಲರನ್ನೂ ದಣಿಸಿತು. ಟೀಚರ ಯಜಮಾನರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದವರು. ಪ್ರತಿ ವರ್ಷ ಅಡುಗೆಮನೆಯ ಮೇಜಿನ ಮುಂದೆ ಕೂತು ಕರಡಚ್ಚನ್ನು ಗಟ್ಟಿಯಾಗಿ ಓದುತ್ತಿದ್ದವರು ಅವರೇ, ಕೇಳುತ್ತ ತಿದ್ದುತ್ತಿದ್ದವರು ಟೀಚರು. ಯಜಮಾನರು ತೀರಿಕೊಂಡ ವರ್ಷ ಟೀಚರು ಒಂದೇ ಒಂದು ದಿನವೂ ಹೆಚ್ಚಿಗೆ ರಜೆ ಹಾಕಲಿಲ್ಲ. ಆದರೆ ಆ ಸಲದ ಹಾಳೆಯಲ್ಲಿ ಅಚ್ಚಿನ ತಪ್ಪುಗಳು ಒಂಬತ್ತು. ಅದೇ ಹೊತ್ತಿಗೆ ಪದವಿ ಮುಗಿಸಿ, ಸಂದರ್ಶನಗಳಲ್ಲಿ ಬಾಯಿಬಿಡಲಾರದೆ ಒಂದು ವರ್ಷ ಮನೆಯಲ್ಲಿ ಕೂತಿದ್ದ ಮೌನಗೌರಿಯನ್ನು ಅವರು ಕರೆಸಿ, ಗ್ರಂಥಾಲಯದಲ್ಲಿ ತಾತ್ಕಾಲಿಕ ಸಹಾಯಕಿಯ ಕೆಲಸ ಕೊಡಿಸಿದರು. “ಮಾತಾಡೋ ಕೆಲಸ ಅಲ್ಲ, ಹೆದರ್ಬೇಡ. ಆದ್ರೆ ನಂಗೊಬ್ಬಳಿಗೆ ವರ್ಷಕ್ಕೆ ಮೂರು ದಿನ ಗಟ್ಟಿಯಾಗಿ ಓದ್ಬೇಕು.” ಹೀಗೆ ಆ ಅಡುಗೆಮನೆಯ ಮೇಜಿನ ಮುಂದಿನ ಖಾಲಿ ಕುರ್ಚಿಗೆ ಅವಳು ಬಂದಳು. ಓದುವಾಗ ಅವಳು ತಡವರಿಸುತ್ತಿರಲಿಲ್ಲ. ಅವು ಬೇರೆಯವರ ಮಾತುಗಳಾಗಿದ್ದವು.

ಈ ಕೊನೆಯ ವರ್ಷ ಟೀಚರ ಕಾಲು ಊದಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಚಪ್ಪಲಿಯೊಳಗೆ ಪಾದ ಹೋಗುತ್ತಿರಲಿಲ್ಲ. ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಹೆಣಭಾರದ ಉತ್ತರಪತ್ರಿಕೆಗಳ ನಡುವೆ ಮಾತಿಲ್ಲದೆ ಕೂತಿರುತ್ತಿದ್ದರು. ಚಹಾ ತಂದಿಟ್ಟರೆ ಆರಿದ ಮೇಲೆ ನೆನಪಾಗುತ್ತಿತ್ತು. ಟೀಚರು ಏಳು ಪುಟಗಳನ್ನು ಹೇಗೋ ಮುಗಿಸಿದರು. ಏಳನೆಯ ಪುಟದ ಕೊನೆಯ ಸುದ್ದಿ: “ಈ ವರ್ಷ ಶಿಕ್ಷಕರೆಲ್ಲರೂ ದಣಿದಿದ್ದಾರೆ. ಮಕ್ಕಳೂ ದಣಿದಿದ್ದಾರೆ. ಎರಡನ್ನೂ ನಾನೇ ನೋಡಿದ್ದೇನೆ.” ಆಮೇಲೆ ನೋಟುಪುಸ್ತಕವನ್ನು ಸಹಾಯಕಿಯ ಕಡೆಗೆ ತಳ್ಳಿದರು.

“ಕೊನೇ ಪುಟ ನನ್ನ ನಿವೃತ್ತಿ. ನನ್ನ ವಿಷಯ ನಾನೇ ಬರ್ಕೊಳ್ಳೋಕಾಗಲ್ಲ. ನೀನು ಬರಿ.”

“ನಾನಾ ಟೀಚರ್?”

“ಮತ್ತಿನ್ಯಾರು, ಆ ಕುರ್ಚಿನಾ? ಹೊಗಳ್ಬೇಡ. ಎಷ್ಟು ವರ್ಷ, ಯಾವ ತರಗತಿ, ಅಷ್ಟು ಸಾಕು.”

ಅವಳು ಬರೆದಳು, ಎಷ್ಟು ವರ್ಷ, ಯಾವ ತರಗತಿ, ಅಷ್ಟನ್ನೇ ಬರೆದು ನಾಲ್ಕು ಗೆರೆಗಳನ್ನು ಖಾಲಿ ಬಿಟ್ಟು ಮುಖ್ಯೋಪಾಧ್ಯಾಯರ ಸಹಿಗೆ ಒಯ್ದಳು. ಅವರು ಒಳ್ಳೆಯವರು, ಅವಸರದವರು. “ನೋಡಮ್ಮ, ಈ ಸಲ ಮೇಲಿನ ಅಧಿಕಾರಿಗಳು ಬರ್ತಿದಾರೆ. ಅವರ ಕೈಗೆ ಖಾಲಿ ಗೆರೆ ಕೊಟ್ರೆ, ಕೆಲಸ ಪೂರ್ತಿ ಆಗಿಲ್ಲ ಅಂದ್ಕೊಳ್ತಾರೆ. ಬರ್ಕೋ” ಎಂದು ನಿಂತಲ್ಲೇ ಹೇಳಿ ಬರೆಸಿದರು: ಸಮಾರೋಪ ಸಮಾರಂಭವು ವಿಜೃಂಭಣೆಯಿಂದ ನೆರವೇರಿತು. ನಿವೃತ್ತ ಶಿಕ್ಷಕಿಯವರಿಗೆ ಭಾವಪೂರ್ಣ ಬೀಳ್ಕೊಡುಗೆ ನೀಡಲಾಯಿತು. ಸಭಿಕರ ಕಣ್ಣುಗಳು ತೇವಗೊಂಡವು. “ಇನ್ನೊಂದು ಗೆರೆ ಉಳೀತಲ್ಲ. ಹಳೇ ವಿದ್ಯಾರ್ಥಿಗಳ ಕಡೆಯಿಂದ ಯಾರಾದ್ರೂ ಮಾತಾಡ್ತಾರಾ? ಅದನ್ನ ಮೂರನೇ ಸಾಲಿಗೆ ಹಾಕು. ಹೆಸರು ನೀನೇ ನೋಡ್ಕೋ.”

ಈ ಮೂವತ್ತೆರಡನೆಯ ಹಾಳೆಯಲ್ಲಿ ಆ ಪದ ಕೊನೆಗೂ ನುಸುಳಿದ ಬಗೆ ಇದು. ಅದರ ಹೊಣೆಯನ್ನು ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸಿನಿಂದ ಹೊತ್ತುಕೊಂಡು, ಇಲ್ಲಿ ಬರೆಯಲು ಅನುಮತಿಯನ್ನೂ ಕೊಟ್ಟಿದ್ದಾರೆ. ಆದರೆ ಮೂರನೆಯ ಸಾಲಿನ ಹೊಣೆ ಅವರದಲ್ಲ. ಅಚ್ಚುಮನೆಯ ಗಲ್ಲಾದ ಮುಂದೆ ನಿಂತು ಅವಳೇ ಅದನ್ನು ತುಂಬಿದಳು: “ಹಳೆಯ ವಿದ್ಯಾರ್ಥಿಗಳ ಪರವಾಗಿ ಗ್ರಂಥಾಲಯದ ಸಹಾಯಕಿ ಮಾತನಾಡಿದರು.” ಹೀಗೇಕೆ ಮಾಡಿದೆ ಎಂದು, ನಮಗೆ ಓದಲು ಕೊಟ್ಟ ತನ್ನ ದಿನಚರಿಯಲ್ಲಿ ಕೇಳಿಕೊಂಡು ಅವಳೇ ಉತ್ತರವನ್ನೂ ಬರೆದಿದ್ದಾಳೆ. ಪ್ರಯೋಗಾಲಯದೊಳಗೆ ಬಾಗಿಲು ಹಾಕಿಕೊಂಡ ದಿನದಿಂದ ಟೀಚರಿಗೆ ಹೇಳಬೇಕಾದದ್ದು ಬಾಯಿಗೆ ಬಂದು ಬಂದು ಒಳಗೇ ಹೋಗಿತ್ತು. ಅಚ್ಚಾಗಿಬಿಟ್ಟರೆ ಹಿಂದೆ ಸರಿಯಲು ದಾರಿಯಿರುವುದಿಲ್ಲ, ನಾನೂರು ಪ್ರತಿಗಳು ತನ್ನನ್ನು ವೇದಿಕೆಗೆ ದಬ್ಬುತ್ತವೆ ಎಂದುಕೊಂಡಿದ್ದಳು. ಮಾತಾಡಲು ಹೆದರಿ, ಮಾತಾಡಿದೆ ಎಂದು ಮೊದಲೇ ಬರೆದವಳು.

ಕರಡಚ್ಚು ಬಂದಾಗ ಕೊನೆಯ ಪುಟವನ್ನು ಅವಳು ಓದಲಿಲ್ಲ. “ನಿಮ್ಮ ವಿಷಯ ಟೀಚರ್, ನೀವು ಮೊದಲೇ ಕೇಳೋ ಹಾಗಿಲ್ಲ” ಎಂದಳು. ಟೀಚರು ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. “ಸರಿ ಕಣೇ. ನೀನು ಬರೆದಿದೀಯ. ಸರಿಯಾಗೇ ಇರುತ್ತೆ.”

ಆ ಕೊನೆಯ ನಾಲ್ಕು ಪದಗಳನ್ನು ಹೊತ್ತುಕೊಂಡು ಮನೆಗೆ ಬಂದವಳು ಊಟ ಸೇರದೆ ಕೂತಾಗ, ಅಕ್ಕ ತಟ್ಟೆಯನ್ನೂ ಅವಳ ಮುಖವನ್ನೂ ನೋಡಿ ವಿಷಯ ಬಾಯಿಬಿಡಿಸಿದಳು; ಕೇಳಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ನೀನು ಮಾತಾಡ್ತೀಯಾ? ಮೈಕ್ ಮುಂದೆ? ಅಂಗಡಿಲಿ ಚಿಲ್ಲರೆ ವಾಪಸ್ ಕೇಳೋಕೆ ನನ್ನನ್ನ ಕಳಿಸೋಳು ನೀನು! ಆ ಸಾಲು ಬರೆಯೋವಾಗ ನಿನ್ನ ಕೈ ನಡುಗ್ಲಿಲ್ವಾ?”

“ಬರೆಯೋವಾಗ ನಡುಗಲ್ಲ ಅಕ್ಕ.”

“ಹಾಗಿದ್ರೆ ಬರೆದಿದ್ದನ್ನೇ ನೋಡ್ಕೊಂಡು ಓದು. ಇಲ್ದಿದ್ರೆ ಈಗ್ಲೇ ಹೋಗಿ ಟೀಚರ್ ಹತ್ರ ತಪ್ಪಾಯ್ತು ಅನ್ನು.”

ಅವಳು ಎರಡನ್ನೂ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತು ದಿನಚರಿ ಬರೆದಳು.

ಇಂಥ ಲೇಖನಗಳಲ್ಲಿ ಹಾರೈಕೆ ಕಟ್ಟಕಡೆಗೆ ಬರುವುದು ರೂಢಿ. ಇಲ್ಲಿ ಕಟ್ಟಕಡೆಗೆ ಹೇಳಬೇಕಾದದ್ದು ಬೇರೆಯಿರುವುದರಿಂದ ಅದನ್ನು ಈಗಲೇ ಹೇಳಿಬಿಡುವುದು ವಾಸಿ. ಟೀಚರ ಕಾಲಿನ ಊತ ಇಳಿಯಲಿ. ಬೆಳಗಿನ ಗಂಟೆಗೆ ಓಡುವ ಅವಸರ ಅವರಿಗೆ ಇನ್ನೆಂದೂ ಬಾರದಿರಲಿ. ಚಹಾ ಬಿಸಿಯಿರುವಾಗಲೇ ಕುಡಿಯುವಷ್ಟು ಬಿಡುವು ದಿನಾ ಸಿಗಲಿ. ನೋಟುಪುಸ್ತಕ ಮಾತ್ರ ಕೈಬಿಡದಿರಲಿ, ಅವರ ಬೀದಿಯಲ್ಲಿ ಏನು ನಡೆದರೂ ಕಿಟಕಿಯಿಂದ ತಲೆ ಹಾಕಿ “ಎಷ್ಟು? ಯಾರು ನೋಡಿದ್ರು?” ಎಂದು ಕೇಳುವ ಆ ದನಿ, ನಮ್ಮ ಮಕ್ಕಳ ಮಕ್ಕಳು ಶಾಲೆ ಬಿಡುವ ಕಾಲಕ್ಕೂ ಹೀಗೇ ಇರಲಿ.

ಸಮಾರೋಪದ ದಿನ ಸೆಖೆಯಿತ್ತು. ಮೂರಕ್ಕೆ ಶುರುವಾಗಬೇಕಿದ್ದದ್ದು ಮೂರೂಮುಕ್ಕಾಲಿಗೆ ಶುರುವಾಯಿತು. ಬಹುಮಾನಗಳನ್ನು ಕೊಟ್ಟಷ್ಟೂ ಮುಗಿಯಲಿಲ್ಲ. ಮೇಜಿನ ಕೆಳಗಿನಿಂದ ಇನ್ನೊಂದು ಪೆಟ್ಟಿಗೆ ಬರುತ್ತಲೇ ಇತ್ತು. ಮೇಲಿನ ಅಧಿಕಾರಿಗಳು ನಲವತ್ತು ನಿಮಿಷ ಮಾತನಾಡಿದರು. ಹಿಂದಿನ ಸಾಲಿನ ತಂದೆತಾಯಂದಿರು ಸುದ್ದಿಹಾಳೆಯನ್ನೇ ಬೀಸಣಿಗೆ ಮಾಡಿಕೊಂಡಿದ್ದರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಸಹಾಯಕಿ, ಮಡಿಸಿದ ಚೀಟಿಯನ್ನು ಅಂಗೈಯಲ್ಲಿಟ್ಟುಕೊಂಡು, ಅದು ಬೆವರಿನಲ್ಲಿ ನೆನೆಯುತ್ತಿರುವುದನ್ನು ನೋಡುತ್ತ ಕೂತಿದ್ದಳು. ಆಗ ಮುಖ್ಯೋಪಾಧ್ಯಾಯರು ಗಡಿಯಾರ ನೋಡಿ, ಹಣೆ ಒರೆಸಿಕೊಂಡು, ಸಮಯದ ಅಭಾವದಿಂದಾಗಿ ಹಳೆಯ ವಿದ್ಯಾರ್ಥಿಗಳ ಮಾತನ್ನು ಕೈಬಿಡಲಾಗಿದೆ, ದಯವಿಟ್ಟು ಸಹಕರಿಸಬೇಕು ಎಂದರು.

ಬದುಕಿದೆಯಾ ಬಡಜೀವವೇ ಎಂಬಂಥ ನಿರಾಳ ಅವಳ ಮೈಯನ್ನೆಲ್ಲ ಸಡಿಲಿಸಿಬಿಟ್ಟಿತು. ತಪ್ಪು ತನ್ನದಲ್ಲ, ಕರೆಯಲಿಲ್ಲ, ಆದ್ದರಿಂದ ಹೋಗಲಿಲ್ಲ. ಕೊನೆಯ ಪುಟವನ್ನು ಯಾರು ಓದುತ್ತಾರೆ? ಓದಿದವರೂ, ಮಾತಾಡಿರಬಹುದು, ನಮಗೆ ತೂಕಡಿಕೆ ಬಂದಿತ್ತು ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಟೀಚರನ್ನು ಮಾತಿಗೆ ಕರೆದರು.

ಟೀಚರು ಮೇಜನ್ನು ಹಿಡಿದುಕೊಂಡೇ ಎದ್ದರು, ಮೇಜನ್ನು ಹಿಡಿದುಕೊಂಡೇ ನಿಂತರು. ಮೈಕನ್ನು ಮುಖದ ಹತ್ತಿರಕ್ಕೆ ಎಳೆದುಕೊಳ್ಳುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. “ನಿಮಗೆಲ್ಲ ಸುಸ್ತಾಗಿದೆ. ನನಗೂ ಆಗಿದೆ” ಎಂದರು. ಸಭೆ ನಕ್ಕಿತು, ಅವರು ನಗಲಿಲ್ಲ. “ಹೇಳೋದೇನೂ ಇಲ್ಲ. ಈ ವರ್ಷ ನಡೆದಿದ್ದೆಲ್ಲ ಆ ಹಾಳೇಲಿದೆ. ಕೊನೇ ಪುಟ ನಾನಿನ್ನೂ ಓದಿಲ್ಲ, ನಮ್ಮ ಹುಡುಗಿ ಬರೆದಿದಾಳೆ. ಆದ್ರೂ ಹೇಳ್ತೀನಿ, ಅದರಲ್ಲಿರೋದೆಲ್ಲ ನಿಜ. ಅದಕ್ಕೆ ನಾನು ಜವಾಬ್ದಾರಿ. ಮನೆಗೆ ಹೋಗಿ ನಿಧಾನವಾಗಿ ಓದ್ಕೊಳ್ಳಿ.” ಕೂತರು. ಮೂವತ್ತೆರಡು ವರ್ಷಗಳ ಸೇವೆಯ ಬೀಳ್ಕೊಡುಗೆಯ ಭಾಷಣ ಅರ್ಧ ನಿಮಿಷದಲ್ಲಿ ಮುಗಿಯಿತು. ಯಾರ ಕಣ್ಣೂ ತೇವಗೊಳ್ಳಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಕಡೆಗಿತ್ತು.

ವಂದನಾರ್ಪಣೆ ಮುಗಿಯುತ್ತಿದ್ದಂತೆ ಕುರ್ಚಿಗಳು ಕಿರುಗುಟ್ಟತೊಡಗಿದವು. ಅರ್ಧ ಸಭೆ ಎದ್ದು ನಿಂತಿತ್ತು. ಮಕ್ಕಳ ಚೀಲ, ನೀರಿನ ಬಾಟಲಿ, ಬಹುಮಾನದ ಪುಸ್ತಕಗಳನ್ನು ಜನ ಬಾಚಿಕೊಳ್ಳುತ್ತಿದ್ದರು. ನಾನೂರು ಪ್ರತಿಗಳು ಬಾಗಿಲ ಕಡೆಗೆ ನಡೆಯುತ್ತಿದ್ದವು. ವೇದಿಕೆಯ ಮೇಲೆ ಟೀಚರು ಬಗ್ಗಿ, ಬಿಚ್ಚಿಟ್ಟಿದ್ದ ಚಪ್ಪಲಿಯೊಳಗೆ ಪಾದವನ್ನು ತೂರಿಸಲು ಹೆಣಗುತ್ತಿದ್ದರು.

ಗೋಡೆಯ ಪಕ್ಕದ ಕುರ್ಚಿಯವಳು ಎದ್ದು ನಿಂತಳು. ಚೀಟಿಯಲ್ಲಿ ಬರೆದುಕೊಂಡಿದ್ದೆಲ್ಲ ಶಾಯಿ ಕಲಸಿಹೋಗಿತ್ತು. ಅದನ್ನು ಕುರ್ಚಿಯ ಮೇಲೆ ಬಿಟ್ಟಳು. ಕುರ್ಚಿಗಳನ್ನು ಸರಿಸಿಕೊಂಡು ಮುಂದೆ ಬಂದಳು. ಆರಿಸುವುದನ್ನು ಮರೆತಿದ್ದ ಮೈಕಿನ ಮುಂದೆ ನಿಂತಳು. ಅವಳ ಉಸಿರು ಧ್ವನಿವರ್ಧಕದಲ್ಲಿ ಒಮ್ಮೆ ದೊಡ್ಡದಾಗಿ ಕೇಳಿಸಿ, ಬಾಗಿಲ ಬಳಿಯವರು ತಿರುಗಿ ನೋಡಿದರು. ಟೀಚರು ಒಂದು ಕಾಲಿನ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ತಲೆಯೆತ್ತಿದರು.

“ಟೀಚರ್,” ಎಂದಳು ಅವಳು, “ಕೊನೇ ಪುಟದ ಮೂರನೇ ಸಾಲು ಸುಳ್ಳು. ನಾನು ಮಾತಾಡ್ಲೇ ಇಲ್ಲ.”